ಸಲಹೆಯ ವ್ಯಾಪಾರ: ಹಣ ಕೊಡುವವರು ಯಾರು?

ಪೇಟೆಯಲ್ಲಿ ಮಾರಾಟವಾಗುವ ಸರಕುಗಳಲ್ಲಿ ಮಾಹಿತಿಯೂ ಒಂದು. ಮುಂದಿನ ತಿಂಗಳು ಅಡಿಕೆ ಧಾರಣೆ ಏನಾದೀತು, ಯಾವ ಷೇರು ಏರೀತು, ಯಾವ ಬಡಾವಣೆಯಲ್ಲಿ ನಿವೇಶನ ಕೊಳ್ಳುವುದು ಲೇಸು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಿ ಜೀವನ ನಡೆಸುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳಬಹುದು. ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ಪರೀಕ್ಷಿಸಬಹುದು. ಸಲಹೆಯನ್ನಾದರೋ ಕೊಂಡ ಮೇಲೆಯೇ, ಅದೂ ಬಹುಕಾಲ ಕಳೆದ ಮೇಲೆಯೇ ಪರೀಕ್ಷಿಸಲು ಸಾಧ್ಯ. ಆದುದರಿಂದಲೇ ಈ ವ್ಯಾಪಾರದಲ್ಲಿ ಮಾರುವವನ ಪ್ರಾಮಾಣಿಕತೆಯು ಸರಕಿನ ಗುಣಮಟ್ಟದಿಂದ ಬೇರ್ಪಡಿಸಲಾಗದ ಅಂಶವಾಗಿದೆ.

ಇಂತಹ ವ್ಯಾಪಾರಗಳ ಪೈಕಿ ಬಹಳ ಹಳೆಯದೊಂದು, ಕ್ರೀಡೆಗಳ ಮೇಲೆ ಪಣ ಕಟ್ಟುವವರಿಗಾಗಿ ನಡೆಯುವ ಅಧ್ಯಯನದ ಉದ್ಯಮ. ಕುದುರೆಗಳ ಹಿಂದಿನ ಓಟ, ಆಟಗಾರರ ಸಾಧನೆ, ಅಂಕಣದ ಸ್ಥಿತಿ ಮೊದಲಾದವುಗಳನ್ನು ಲೆಕ್ಕ ಹಾಕಿ, ಮುಂದಿನ ಸ್ಪರ್ಧೆಯಲ್ಲಿ ಯಾರಿಗೆ ಎಷ್ಟು ಅವಕಾಶವಿದೆ ಎಂದು ಚಂದಾದಾರರಿಗೆ ತಿಳಿಸುವುದೇ ಇದರ ಕಸುಬು. ಬ್ರಿಟನ್ನಿನಲ್ಲಿ ಇದು ಬಹುಕಾಲದಿಂದ ಬಹಿರಂಗವಾಗಿ ನಡೆದುಬಂದ ಉದ್ಯಮ. ಭಾರತದಲ್ಲಿ ಆನ್‌ಲೈನ್ ಹಣದಾಟಗಳ ವಿರುದ್ಧ ಸಂಸತ್ತು 2025ರಲ್ಲಿ ಕಾಯಿದೆ ಮಾಡಿರುವುದರಿಂದ ಇದರ ದಾರಿ ಬಹುತೇಕ ಮುಚ್ಚಿದೆ. ಪಣ ಕಟ್ಟುವುದು ಒಳಿತೋ ಕೆಡುಕೋ ಎಂಬುದು ಪ್ರತ್ಯೇಕ ಚರ್ಚೆಯ ವಿಷಯ. ಆದರೆ ಈ ಉದ್ಯಮದ ಚರಿತ್ರೆಯು ವಾಣಿಜ್ಯ ಸಮುದಾಯಕ್ಕೆ ಒಂದು ಪಾಠವನ್ನು ಸ್ಪಷ್ಟವಾಗಿ ಹೇಳುತ್ತದೆ: ಸಲಹೆಗಾರನಿಗೆ ಹಣ ಯಾವ ಕಡೆಯಿಂದ ಬರುತ್ತದೆಯೋ, ಅವನ ಸಲಹೆಯು ಕಾಲಕ್ರಮದಲ್ಲಿ ಆ ಕಡೆಗೇ ವಾಲುತ್ತದೆ. ಓದುಗನ ನಷ್ಟದಲ್ಲಿ ಪಾಲು ಪಡೆಯುವವನು ಓದುಗನಿಗೆ ಹಿತ ಹೇಳಲಾರನು.

ಹ್ಯಾಲಿಫ್ಯಾಕ್ಸ್‌ನ ಗಣಿತದ ಉಪಾಧ್ಯಾಯ

ಲಂಡನ್ನಿನ ‘ಸ್ಪೋರ್ಟಿಂಗ್ ಲೈಫ್’ ಪತ್ರಿಕೆ ಆರಂಭವಾದದ್ದು 1859ರಲ್ಲಿ. ಅಮೆರಿಕದ ಷಿಕಾಗೋ ನಗರದಲ್ಲಿ ‘ಡೈಲಿ ರೇಸಿಂಗ್ ಫಾರ್ಮ್’ ಹುಟ್ಟಿದ್ದು 1894ರಲ್ಲಿ. ಪ್ರತಿಯೊಂದು ಕುದುರೆಯೂ ಹಿಂದಿನ ಓಟಗಳಲ್ಲಿ ಎಲ್ಲಿ ಮುಂದಿತ್ತು, ಎಲ್ಲಿ ಹಿಂದೆ ಬಿತ್ತು, ಎಷ್ಟು ಭಾರ ಹೊತ್ತಿತ್ತು ಎಂಬ ವಿವರಗಳನ್ನು ಕೋಷ್ಟಕದಲ್ಲಿ ಜೋಡಿಸಿ ಕೊಡುವ ಪದ್ಧತಿಯನ್ನು ಇಂತಹ ಪತ್ರಿಕೆಗಳು ಬೆಳೆಸಿದವು. ಬೆಂಗಳೂರಿನ ರೇಸ್ ಕೋರ್ಸಿಗೆ ಹೋಗುವ ಪಂಟರ್‌ಗಳ ಕೈಯಲ್ಲಿ ಕಾಣುವ ರೇಸ್ ಪುಸ್ತಕವೂ ಇದೇ ವಂಶಕ್ಕೆ ಸೇರಿದ್ದು.

ಆದರೆ ಈ ಕಸುಬನ್ನು ಅಧ್ಯಯನದ ಮಟ್ಟಕ್ಕೆ ಏರಿಸಿದವರಲ್ಲಿ ಮುಖ್ಯನಾದವನು ಫಿಲ್ ಬುಲ್. 1910ರಲ್ಲಿ ಹುಟ್ಟಿದ ಈತ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಕುದುರೆಗಳು ಓಟಕ್ಕೆ ತೆಗೆದುಕೊಂಡ ಸಮಯವನ್ನು ದೂರ, ನೆಲದ ಹದ ಹಾಗೂ ಹೊತ್ತ ಭಾರಗಳಿಗೆ ತಕ್ಕಂತೆ ಸರಿಹೊಂದಿಸಿ, ಅದರ ಆಧಾರದ ಮೇಲೆ ಬೇರೊಂದು ಹೆಸರಿನಲ್ಲಿ ಚಂದಾದಾರರಿಗೆ ಮುನ್ಸೂಚನೆ ಮಾರತೊಡಗಿದನು. 1948ರಲ್ಲಿ ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್‌ನಲ್ಲಿ ಆತ ಸ್ಥಾಪಿಸಿದ ಸಂಸ್ಥೆಯೇ ‘ಟೈಮ್‌ಫಾರ್ಮ್’.

ಈ ಸಂಸ್ಥೆಯು ಪ್ರತಿ ಕುದುರೆಯ ಸಾಮರ್ಥ್ಯವನ್ನು ಪೌಂಡುಗಳ ಲೆಕ್ಕದಲ್ಲಿ ಒಂದು ಅಂಕಿಯಾಗಿ ಸೂಚಿಸುತ್ತದೆ. 1965ರಲ್ಲಿ ‘ಸೀ ಬರ್ಡ್’ ಎಂಬ ಕುದುರೆಗೆ ದೊರೆತ 145ರ ಅಂಕಿಯನ್ನು 2012ರಲ್ಲಿ ‘ಫ್ರಾಂಕೆಲ್’ 147 ಪಡೆದು ಹಿಂದಿಕ್ಕಿತು. ಅಂದರೆ 47 ವರ್ಷಗಳ ಅಂತರದಲ್ಲಿ ಓಡಿದ ಎರಡು ಕುದುರೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದಕ್ಕೆ ಸಾಕಾಗುವಷ್ಟು ದೀರ್ಘವೂ ಅಖಂಡವೂ ಆದ ದಾಖಲೆಯನ್ನು ಸಂಸ್ಥೆಯು ಕಾಪಾಡಿಕೊಂಡು ಬಂದಿತು. ನಂಬಲರ್ಹವಲ್ಲದ ಕುದುರೆಯ ಹೆಸರಿನ ಮುಂದೆ ಒಂದು ಸುರುಳಿ ಗುರುತನ್ನೂ, ಸ್ವಭಾವ ತೀರ ಕೆಟ್ಟದ್ದಾಗಿದ್ದರೆ ಎರಡು ಸುರುಳಿಗಳನ್ನೂ ಅಚ್ಚುಹಾಕುವ ರೂಢಿ ಇಟ್ಟುಕೊಂಡಿತು. ಕುದುರೆಯ ಮಾಲೀಕನಿಗೆ ಹಿತವಾಗುವ ಗುರುತು ಅದಲ್ಲ. ಆದರೆ ಪುಸ್ತಕಕ್ಕೆ ಹಣ ಕೊಡುತ್ತಿದ್ದವನು ಓದುಗನೇ ಹೊರತು ಮಾಲೀಕನಲ್ಲ. ಅಪ್ರಿಯ ಸತ್ಯವನ್ನು ಅಚ್ಚು ಮಾಡುವ ಸ್ವಾತಂತ್ರ್ಯ ಬಂದದ್ದು ಈ ವ್ಯವಸ್ಥೆಯಿಂದಲೇ ಎಂಬುದನ್ನು ಗಮನಿಸಬೇಕು.

ನೂರಹತ್ತು ರೂಪಾಯಿಯ ಲೆಕ್ಕ

ಪ್ರಾಮಾಣಿಕ ಅಧ್ಯಯನಕಾರನು ಎಷ್ಟನ್ನು ಭರವಸೆಯಾಗಿ ಕೊಡಬಲ್ಲನು ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಎರಡು ಸಮಬಲದ ತಂಡಗಳ ಪಂದ್ಯಕ್ಕೆ ಅಮೆರಿಕದಲ್ಲಿ ರೂಢಿಯಲ್ಲಿರುವ ದರದಂತೆ 100 ಗೆಲ್ಲಲು 110 ಒಡ್ಡಬೇಕು. ಇದನ್ನೇ ರೂಪಾಯಿಯಲ್ಲಿ ನೋಡೋಣ. ಇಬ್ಬರು ಎದುರುಬದುರಾಗಿ ತಲಾ ₹110 ಕಟ್ಟಿದರೆ ಬುಕ್‌ಮೇಕರ್‌ನ ಕೈಗೆ ₹220 ಬರುತ್ತದೆ. ಗೆದ್ದವನಿಗೆ ₹210 ಕೊಟ್ಟು ಅವನು ₹10 ಉಳಿಸಿಕೊಳ್ಳುತ್ತಾನೆ. ಯಾರೇ ಗೆಲ್ಲಲಿ, ಅವನ ಪಾಲು ಭದ್ರ.

ಇನ್ನು ಪಣ ಕಟ್ಟುವವನ ಲೆಕ್ಕ. ನೂರು ಪಂದ್ಯಗಳಲ್ಲಿ 52ನ್ನು ಸರಿಯಾಗಿ ಊಹಿಸಿದವನು ₹5,200 ಗಳಿಸಿ, ಉಳಿದ 48ರಲ್ಲಿ ₹5,280 ಕಳೆದುಕೊಳ್ಳುತ್ತಾನೆ. ಅರ್ಧಕ್ಕಿಂತ ಹೆಚ್ಚು ಬಾರಿ ಸರಿಯಾಗಿದ್ದರೂ ಕೈಯಿಂದ ₹80 ಹೋಗಿರುತ್ತದೆ. 53 ಸರಿಯಾದರೆ ಮಾತ್ರ ₹130 ಉಳಿಯುತ್ತದೆ. ಅಂದರೆ ಶೇ. 52.4ರ ಗಡಿಯನ್ನು ದಾಟದವನು ಎಷ್ಟೇ ಪಂಡಿತನಾಗಿದ್ದರೂ ನಷ್ಟದಲ್ಲಿಯೇ ಇರುತ್ತಾನೆ. ವರ್ಷಗಟ್ಟಲೆ ಶ್ರಮಿಸಿದ ಅಧ್ಯಯನಕಾರನು ಗಳಿಸಿಕೊಳ್ಳುವ ಅನುಕೂಲವು ನೂರಕ್ಕೆ ಎರಡು ಮೂರು ಪಂದ್ಯಗಳ ವ್ಯತ್ಯಾಸದಲ್ಲಿ ಅಡಗಿರುತ್ತದೆ. ‘ಖಚಿತ ಗೆಲುವು’ ಎಂದು ಹೇಳಿ ಮಾರುವವನಿಗೆ ಈ ಲೆಕ್ಕ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಮರೆಮಾಚುತ್ತಿದ್ದಾನೆ.

ಅಲ್ಪಕಾಲದ ಯಶಸ್ಸು ಎಷ್ಟು ಮೋಸಕರ ಎಂಬುದಕ್ಕೆ ಇನ್ನೊಂದು ಲೆಕ್ಕವಿದೆ. ಯಾವ ಜ್ಞಾನವೂ ಇಲ್ಲದೆ ನಾಣ್ಯ ಚಿಮ್ಮಿ ಊಹಿಸುವ 1,000 ಮಂದಿಯನ್ನು ತೆಗೆದುಕೊಂಡರೆ, ಅವರಲ್ಲಿ ಸುಮಾರು 180 ಮಂದಿಗೆ ನೂರರಲ್ಲಿ 55 ಅಥವಾ ಅದಕ್ಕಿಂತ ಹೆಚ್ಚು ಊಹೆಗಳು ಕೇವಲ ಅದೃಷ್ಟದಿಂದಲೇ ಸರಿಯಾಗುತ್ತವೆ. ಅವರೆಲ್ಲರೂ ಲಾಭದಲ್ಲಿರುತ್ತಾರೆ, ತಮಗೆ ವಿಶೇಷ ವಿದ್ಯೆ ಸಿದ್ಧಿಸಿದೆ ಎಂದು ಅವರಿಗೂ ಅನ್ನಿಸಬಹುದು, ನೋಡುವವರಿಗೂ ಅನ್ನಿಸಬಹುದು. ಅದೇ ಸಾವಿರ ಪಂದ್ಯಗಳಲ್ಲಿ 550 ಸರಿಯಾಗುವ ಅದೃಷ್ಟವು ಸಾವಿರ ಮಂದಿಯಲ್ಲಿ ಸುಮಾರು ಒಬ್ಬನಿಗೆ ಮಾತ್ರ ದೊರೆಯುತ್ತದೆ. ದೀರ್ಘ ದಾಖಲೆಯೊಂದೇ ವಿದ್ಯೆಯನ್ನೂ ಅದೃಷ್ಟವನ್ನೂ ಬೇರ್ಪಡಿಸಬಲ್ಲ ಜರಡಿ.

ಈ ಜರಡಿಯನ್ನು ತಪ್ಪಿಸಿಕೊಳ್ಳುವ ಹಳೆಯ ತಂತ್ರವೂ ಒಂದಿದೆ. ವಂಚಕನು 6,400 ಮಂದಿಗೆ ಪತ್ರ ಬರೆಯುತ್ತಾನೆ. ಅರ್ಧದಷ್ಟು ಜನರಿಗೆ ಒಂದು ತಂಡ ಗೆಲ್ಲುವುದೆಂದೂ, ಉಳಿದರ್ಧಕ್ಕೆ ಎದುರು ತಂಡ ಗೆಲ್ಲುವುದೆಂದೂ ತಿಳಿಸುತ್ತಾನೆ. ಊಹೆ ಸರಿಯಾದ 3,200 ಮಂದಿಗೆ ಮಾತ್ರ ಮುಂದಿನ ವಾರ ಇದೇ ರೀತಿ ಎರಡು ಬಗೆಯ ಪತ್ರ ಹೋಗುತ್ತದೆ. ಆರು ವಾರ ಕಳೆಯುವ ಹೊತ್ತಿಗೆ 100 ಮಂದಿಯ ಕೈಯಲ್ಲಿ ಸತತವಾಗಿ ಆರು ಬಾರಿ ನಿಜವಾದ ಭವಿಷ್ಯವಾಣಿ ಇರುತ್ತದೆ. ಏಳನೆಯ ವಾರದ ಪತ್ರಕ್ಕೆ ಅವರು ಕೇಳಿದಷ್ಟು ಹಣ ಕೊಡುತ್ತಾರೆ. ಉಳಿದ 6,300 ಮಂದಿಗೆ ಹೋದ ಸುಳ್ಳು ಪತ್ರಗಳು ಈ ನೂರು ಮಂದಿಯ ಕಣ್ಣಿಗೆ ಬೀಳುವುದೇ ಇಲ್ಲ. ಅಂಚೆಯ ಬದಲು ಮೊಬೈಲ್ ಸಂದೇಶ ಬಂದ ಮೇಲೆ ಇದರ ಖರ್ಚು ಇಳಿದಿದೆಯೇ ಹೊರತು ತಂತ್ರ ಬದಲಾಗಿಲ್ಲ. ಷೇರುಪೇಟೆಯ ‘ಟಿಪ್ಸ್’ ನಂಬಿ ಕೈಸುಟ್ಟುಕೊಂಡವರಿಗೆ ಇದರ ಪರಿಚಯ ಹೊಸದೇನಲ್ಲ.

ಬಳಗ ಕಟ್ಟುವ ಬಗೆ

ಹಾಗಾದರೆ ಅಧ್ಯಯನದ ಸಂಸ್ಥೆಯೊಂದು ಓದುಗರ ಬಳಗವನ್ನು ಕಟ್ಟುವುದು ಹೇಗೆ? ಗೆಲುವಿನ ಆಸೆ ತೋರಿಸಿ ಜನರನ್ನು ಸೇರಿಸುವುದು ಸುಲಭ. ಅವರನ್ನು ಉಳಿಸಿಕೊಳ್ಳುವುದು ಕಷ್ಟ. ಸೋಲಿನ ಮೊದಲ ತಿಂಗಳಿನಲ್ಲಿಯೇ ಅಂತಹ ಗುಂಪು ಚದುರುತ್ತದೆ. ಉಳಿದುಕೊಂಡ ಬಳಗಗಳನ್ನು ನೋಡಿದರೆ ಎರಡು ಗುಣಗಳು ಎದ್ದು ಕಾಣುತ್ತವೆ.

ಮೊದಲನೆಯದು ವಿಧಾನವನ್ನು ಬಿಚ್ಚಿ ಹೇಳುವ ಧೈರ್ಯ. ಅಮೆರಿಕದ ಪತ್ರಕರ್ತ ಆಂಡ್ರ್ಯೂ ಬೇಯರ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕುದುರೆಯ ವೇಗವನ್ನು ಅಳೆಯುವ ತನ್ನ ಕ್ರಮವನ್ನು ಓದುಗರ ಮುಂದಿಟ್ಟನು. ಆತನ ಹೆಸರಿನ ವೇಗಾಂಕಗಳು 1992ರಿಂದ ‘ಡೈಲಿ ರೇಸಿಂಗ್ ಫಾರ್ಮ್’ನಲ್ಲಿ ಅಚ್ಚಾಗತೊಡಗಿದವು. ರೂತ್ ಬೋಲ್ಟನ್ ಮತ್ತು ರಾಂಡಾಲ್ ಚಾಪ್‌ಮನ್ ಎಂಬ ವಿದ್ವಾಂಸರು ಕುದುರೆ ಪಂದ್ಯದ ಸಂಭವನೀಯತೆಯನ್ನು ಕುರಿತು 1986ರಲ್ಲಿ ಆಡಳಿತ ವಿಜ್ಞಾನದ ನಿಯತಕಾಲಿಕದಲ್ಲಿ ಪ್ರಬಂಧ ಪ್ರಕಟಿಸಿದರು. ಅದನ್ನು ಆಧರಿಸಿ ಹಾಂಕಾಂಗ್‌ನಲ್ಲಿ ಗಣಕಯಂತ್ರದ ನೆರವಿನಿಂದ ಅಪಾರ ಸಂಪತ್ತು ಗಳಿಸಿದ ಬಿಲ್ ಬೆಂಟರ್, 1994ರಲ್ಲಿ ತನ್ನ ಕ್ರಮದ ತಿರುಳನ್ನು ತಾನೂ ಪ್ರಬಂಧವಾಗಿ ಬರೆದು ಋಣ ತೀರಿಸಿದನು.

ಎರಡನೆಯದು, ಓದುಗನನ್ನು ಕೇವಲ ಗಿರಾಕಿಯೆಂದು ಕಾಣದೆ ಕೆಲಸದಲ್ಲಿ ಪಾಲುದಾರನನ್ನಾಗಿ ಮಾಡಿಕೊಳ್ಳುವುದು. ಇದಕ್ಕೆ ಪಣದ ಲೋಕದ ಹೊರಗೆ ಉತ್ತಮ ನಿದರ್ಶನಗಳಿವೆ. ಬೇಸ್‌ಬಾಲ್ ಅಂಕಿಅಂಶಗಳ ಅಧ್ಯಯನಕಾರ ಬಿಲ್ ಜೇಮ್ಸ್ ತನ್ನ ವಾರ್ಷಿಕ ಪುಸ್ತಕವನ್ನು 1977ರಲ್ಲಿ ಸ್ವಂತ ಖರ್ಚಿನಿಂದ ಹೊರತಂದನು. ಪಂದ್ಯಗಳ ಎಸೆತವಾರು ವಿವರ ಸಾರ್ವಜನಿಕರಿಗೆ ಸಿಗದೆ ಇದ್ದಾಗ, 1984ರಲ್ಲಿ ಓದುಗರಿಗೇ ಕರೆ ಕೊಟ್ಟನು. ಸ್ವಯಂಸೇವಕರು ಪಂದ್ಯಗಳನ್ನು ನೋಡಿ ಬರೆದಿಟ್ಟ ವಿವರಗಳಿಂದಲೇ ಹೊಸ ದಾಖಲೆ ಸಿದ್ಧವಾಯಿತು. ಕ್ರಿಕೆಟ್ ಪ್ರಿಯರಿಗೆ ಚಿರಪರಿಚಿತವಾದ ‘ಕ್ರಿಕ್‌ಇನ್ಫೋ’ ಕೂಡ 1993ರಲ್ಲಿ ಆರಂಭವಾದದ್ದು ಸ್ವಯಂಸೇವಕರ ದುಡಿಮೆಯಿಂದ. ಊರಿನಿಂದ ದೂರವಿದ್ದ ಭಾರತೀಯ ವಿದ್ಯಾರ್ಥಿಗಳು ಅದರ ಬೆನ್ನೆಲುಬಾಗಿದ್ದರು. ಇಂತಹ ಬಳಗದಲ್ಲಿ ಪ್ರತಿಯೊಬ್ಬನೂ ಏನನ್ನಾದರೂ ಸೇರಿಸುತ್ತಾನೆ, ತಪ್ಪು ಕಂಡರೆ ತಿದ್ದುತ್ತಾನೆ. ಸರಕು ಬೆಳೆಯುತ್ತ ಹೋಗುತ್ತದೆ.

ಆದರೆ ಪಣದ ಅಧ್ಯಯನಕ್ಕೆ ಒಂದು ವಿಚಿತ್ರವಾದ ತೊಡಕಿದೆ. ಬೇರೆ ವ್ಯಾಪಾರಗಳಲ್ಲಿ ಗಿರಾಕಿಗಳು ಹೆಚ್ಚಿದಷ್ಟೂ ಲಾಭ. ಇಲ್ಲಿಯಾದರೋ ಒಂದೇ ಸಲಹೆಯನ್ನು ಹೆಚ್ಚು ಮಂದಿ ಪಾಲಿಸಿದಷ್ಟೂ ಅದರ ಬೆಲೆ ಕುಗ್ಗುತ್ತದೆ. ಒಳ್ಳೆಯ ಕುದುರೆ ಯಾವುದೆಂದು ನೂರು ಮಂದಿಗೆ ಗೊತ್ತಾದರೆ ದರ ಹೆಚ್ಚು ಬದಲಾಗದು. ಲಕ್ಷ ಮಂದಿಗೆ ಗೊತ್ತಾದರೆ ಎಲ್ಲರೂ ಅದರ ಮೇಲೆಯೇ ಕಟ್ಟುವುದರಿಂದ ಸಿಗುವ ಹಣ ಇಳಿದುಹೋಗುತ್ತದೆ. ವೇಗಾಂಕಗಳು ಎಲ್ಲರ ಕೈಗೂ ಸಿಗುವಂತಾದಾಗ ಅವುಗಳನ್ನು ಮಾತ್ರ ನಂಬಿ ಗಳಿಸುವುದು ಕಷ್ಟವಾದದ್ದು ಈ ಕಾರಣದಿಂದ. ಹೀಗಾಗಿ ಪ್ರಾಮಾಣಿಕ ಸಲಹೆಯನ್ನು ಚಂದಾ ಹಣಕ್ಕೆ ಮಾರುವ ಸಂಸ್ಥೆಯು ಒಂದು ಮಿತಿಯನ್ನು ಮೀರಿ ಬೆಳೆಯಲಾರದು. ಬೆಳೆಯಲೇಬೇಕೆಂಬ ಹಂಬಲ ಹುಟ್ಟಿದಾಗ ಬೇರೆ ಕಡೆಯ ಹಣದ ಕಡೆಗೆ ಕಣ್ಣು ಹೋಗುತ್ತದೆ.

ಹಣದ ದಾರಿ ತಿರುಗಿದಾಗ

ಎರಡು ಕಡೆಯಿಂದಲೂ ಹಣ ಪಡೆಯುವ ಉಪಾಯ ಇತ್ತೀಚಿನದಲ್ಲ. ಮೋಸೆಸ್ ಆನೆನ್‌ಬರ್ಗ್ ಎಂಬ ಉದ್ಯಮಿ 1922ರಲ್ಲಿ ‘ಡೈಲಿ ರೇಸಿಂಗ್ ಫಾರ್ಮ್’ ಕೊಂಡನು. ಪಣ ಕಟ್ಟುವವರಿಗೆ ಪತ್ರಿಕೆ ಮಾರುತ್ತಿದ್ದ ಈತನೇ, ತಂತಿ ಸಂಪರ್ಕದ ಸೇವೆಯೊಂದರ ಮೂಲಕ ಪಂದ್ಯದ ಫಲಿತಾಂಶಗಳನ್ನು ಅಮೆರಿಕದಾದ್ಯಂತ ಬುಕ್ಕಿಗಳ ಅಡ್ಡೆಗಳಿಗೆ ಒದಗಿಸುತ್ತಿದ್ದನು. 1939ರಲ್ಲಿ ಆ ಸೇವೆ ನಿಂತಿತು. ಆದಾಯ ತೆರಿಗೆ ವಂಚನೆಗಾಗಿ 1940ರಲ್ಲಿ ಆತನಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಲಾಯಿತು. ತಕ್ಕಡಿಯ ಎರಡು ತಟ್ಟೆಗಳಿಗೂ ಕೈ ಹಾಕಿದವನ ಕಥೆ ಅದು.

ಅಂತರಜಾಲದ ಕಾಲದಲ್ಲಿ ಇದೇ ಉಪಾಯ ಇನ್ನಷ್ಟು ನಯವಾದ ರೂಪ ತಾಳಿತು. ಓದುಗನಿಗೆ ಅಧ್ಯಯನ, ಅಂಕಿಅಂಶ, ಮುನ್ಸೂಚನೆ ಎಲ್ಲವೂ ಉಚಿತ. ಪಕ್ಕದಲ್ಲಿಯೇ ಬುಕ್‌ಮೇಕರ್‌ನ ಹೆಸರು. ಅದರ ಮೂಲಕ ಖಾತೆ ತೆರೆದರೆ ಸಲಹೆಗಾರನಿಗೆ ದಲ್ಲಾಳಿ. ಈ ದಲ್ಲಾಳಿಯನ್ನು ಎರಡು ಬಗೆಯಲ್ಲಿ ಕೊಡುವ ರೂಢಿ ಇದೆ. ಒಂದು, ತಲೆಗೆ ಇಷ್ಟು ಎಂಬ ನಿಗದಿತ ಮೊತ್ತ. ಇನ್ನೊಂದು, ಆ ಗಿರಾಕಿಯಿಂದ ಬುಕ್‌ಮೇಕರ್ ಮುಂದೆ ಗಳಿಸುವ ಆದಾಯದಲ್ಲಿ ಶೇಕಡಾವಾರು ಪಾಲು. ಬುಕ್‌ಮೇಕರ್‌ನ ಆದಾಯವೆಂದರೆ ಗಿರಾಕಿ ಕಳೆದುಕೊಂಡ ಹಣವೇ ಆಗಿದೆ. ಎಂದರೆ ಓದುಗನು ಎಷ್ಟು ಸೋಲುತ್ತಾನೋ ಅವನ ಸಲಹೆಗಾರನು ಅಷ್ಟು ಗಳಿಸುತ್ತಾನೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಸೇರಿಸಿ ನೋಡಬೇಕು. ಸತತವಾಗಿ ಗೆಲ್ಲುವ ಗಿರಾಕಿ ಕಟ್ಟಬಹುದಾದ ಮೊತ್ತವನ್ನು ತೀರ ಕಡಿಮೆ ಮಾಡುವುದು, ಇಲ್ಲವೇ ಅವನ ಖಾತೆಯನ್ನೇ ಮುಚ್ಚುವುದು ಬ್ರಿಟನ್ನಿನ ಅನೇಕ ಬುಕ್‌ಮೇಕರ್‌ಗಳ ವಾಡಿಕೆ. ಆದುದರಿಂದ ಪಾಲಿನ ಆಧಾರದ ಮೇಲೆ ದುಡಿಯುವ ಸಲಹೆಗಾರನಿಗೆ, ತನ್ನ ಸಲಹೆ ನಿಜವಾಗಿಯೂ ಉತ್ತಮವಾಗಿದ್ದರೆ ಆದಾಯವೇ ಇಲ್ಲ. ಅವನ ಕಸುಬು ಬೆಳೆಯಬೇಕಾದರೆ ಓದುಗನಿಗೆ ಗೆಲ್ಲುವೆನೆಂಬ ನಂಬಿಕೆ ಇರಬೇಕು, ಗೆಲುವು ಇರಬಾರದು. ಒಬ್ಬ ವ್ಯಕ್ತಿ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಇಲ್ಲಿ ಅಪ್ರಸ್ತುತ. ಒಳ್ಳೆಯವನನ್ನೂ ನಿಧಾನವಾಗಿ ಬಗ್ಗಿಸುವ ವ್ಯವಸ್ಥೆ ಇದು.

ಇದರ ಪರಿಣಾಮ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ 2017ರಲ್ಲಿ ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರದ ಮುಂದೆ ಬಂದ ಪ್ರಕರಣವು ಸಾಕ್ಷಿ. ದಲ್ಲಾಳಿಗಾಗಿ ದುಡಿಯುವವರು ಸುದ್ದಿಯ ವೇಷದಲ್ಲಿ ಒಂದು ಕಟ್ಟುಕಥೆ ಹರಡಿದ್ದರು: ಸಾಲದಲ್ಲಿ ಮುಳುಗಿದ, ಪತ್ನಿಯ ಕಾಯಿಲೆಯಿಂದ ಕಂಗೆಟ್ಟ ವ್ಯಕ್ತಿಯೊಬ್ಬನು ಆನ್‌ಲೈನ್ ಜೂಜಿನಲ್ಲಿ ಗೆದ್ದು ಪಾರಾದನೆಂಬುದು ಅದರ ಸಾರ. ಅದು ಕ್ರೀಡೆಯ ಪಣವಲ್ಲ, ಕ್ಯಾಸಿನೋ ಆಟ. ಆದರೆ ದಲ್ಲಾಳಿಯ ಏರ್ಪಾಡು ಅದೇ. ಕಥೆ ಬರೆದವರು ತಮ್ಮ ನೌಕರರಲ್ಲದಿದ್ದರೂ ಜಾಹೀರಾತಿನ ಹೊಣೆ ಜೂಜಿನ ಕಂಪನಿಗಳದ್ದೇ ಎಂದು ಪ್ರಾಧಿಕಾರ ತೀರ್ಮಾನಿಸಿತು.

ಫಿಲ್ ಬುಲ್ 1989ರಲ್ಲಿ ತೀರಿಕೊಂಡನು. ಆತನ ಸಂಸ್ಥೆಯನ್ನು 2006ರಲ್ಲಿ ‘ಬೆಟ್‌ಫೇರ್’ ಕೊಂಡುಕೊಂಡಿತು. ಪಣ ಕಟ್ಟುವವರನ್ನು ಪರಸ್ಪರ ಕೂಡಿಸಿ ಗೆದ್ದವರಿಂದ ಕಮಿಷನ್ ಪಡೆಯುವ ಕ್ರಮದಿಂದ ಬೆಳೆದ ಕಂಪನಿಯಾದ್ದರಿಂದ ಅದನ್ನು ಸಾಮಾನ್ಯ ಬುಕ್‌ಮೇಕರ್‌ನೊಂದಿಗೆ ಸಮೀಕರಿಸುವುದು ನ್ಯಾಯವಲ್ಲ. ಟೈಮ್‌ಫಾರ್ಮ್‌ನ ಅಂಕಿಗಳ ಗೌರವವೂ ಉಳಿದುಕೊಂಡಿದೆ. ಆದರೂ ಓದುಗರ ಚಂದಾದಿಂದ ಬೆಳೆದ ಸಂಸ್ಥೆಯು ಪಣದ ವ್ಯವಹಾರದ ಒಡೆತನಕ್ಕೆ ಸೇರಿದ್ದು, ಈ ಉದ್ಯಮದಲ್ಲಿ ಹಣದ ಹರಿವು ಯಾವ ಕಡೆಗೆ ತಿರುಗಿತು ಎಂಬುದರ ಸೂಚನೆಯಾಗಿದೆ.

ಭಾರತದ ಸ್ಥಿತಿ

ಭಾರತದಲ್ಲಿ ಜೂಜಿನ ಕಾನೂನು 1867ರಷ್ಟು ಹಳೆಯದು. ಕುದುರೆ ಪಂದ್ಯವು ಮುಖ್ಯವಾಗಿ ಕೌಶಲವನ್ನು ಅವಲಂಬಿಸಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪು ನೀಡಿತು. ಕೌಶಲ ಮತ್ತು ಅದೃಷ್ಟಗಳ ನಡುವಣ ಈ ಗೆರೆಯ ಮೇಲೆಯೇ ಮುಂದೆ ಆನ್‌ಲೈನ್ ಆಟಗಳ ದೊಡ್ಡ ಉದ್ಯಮ ತಲೆಯೆತ್ತಿತು. ಬೆಂಗಳೂರು ಅದರ ಪ್ರಮುಖ ನೆಲೆಗಳಲ್ಲಿ ಒಂದಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕವು 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಮಾಹಿತಿ ಮತ್ತು ಪ್ರಸಾರ ಸಚಿವಾಲಯವು ಒಂದು ಸೂಚನೆ ಹೊರಡಿಸಿತು. ವಿದೇಶೀ ಬೆಟ್ಟಿಂಗ್ ಕಂಪನಿಗಳು ಸುದ್ದಿತಾಣಗಳ ಮುಖವಾಡ ಧರಿಸಿ ಜಾಹೀರಾತು ನೀಡುತ್ತಿವೆ ಎಂಬುದು ಅದರ ಆಕ್ಷೇಪ. ಕ್ರೀಡಾ ಸುದ್ದಿ, ಅಂಕಿಅಂಶ ಎಂಬ ಹೆಸರುಗಳು ಬುಕ್ಕಿಯ ಅಂಗಡಿಗೆ ಹಾಕಿದ ಬಣ್ಣದ ಬಾಗಿಲಾಗಿದ್ದವು. ಅಂತಿಮವಾಗಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿರಿಸಿ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ನಿರ್ಣಯ ಮಾಡಿತು. ಅವುಗಳನ್ನು ನಡೆಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ₹1 ಕೋಟಿವರೆಗೆ ದಂಡ, ಜಾಹೀರಾತು ನೀಡಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ₹50 ಲಕ್ಷದವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಗಳು ನ್ಯಾಯಾಲಯಗಳ ಮುಂದೆ ಬಂದವು. ಆದರೆ ಮಸೂದೆ ಅಂಗೀಕಾರವಾದ ಕೆಲವೇ ದಿನಗಳಲ್ಲಿ ದೇಶದ ದೊಡ್ಡ ಕಂಪನಿಗಳು ಹಣದಾಟಗಳನ್ನು ನಿಲ್ಲಿಸಿದವು.

ಈ ಕಾಯಿದೆಯಿಂದ ಬೆಂಗಳೂರಿನಲ್ಲಿ ಅನೇಕ ತರುಣರು ಕೆಲಸ ಕಳೆದುಕೊಂಡರು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಅವರಲ್ಲಿ ಪಂದ್ಯದ ಅಂಕಿಅಂಶಗಳನ್ನು ಅರೆದು ಕುಡಿದವರಿದ್ದರು. ಆ ವಿದ್ಯೆಯೇನೂ ಅಪರಾಧವಲ್ಲ. ತಂಡಗಳಿಗೆ ಎದುರಾಳಿಯ ದೌರ್ಬಲ್ಯ ತಿಳಿಯಬೇಕು, ಪ್ರಸಾರಕರಿಗೆ ವಿವರಣೆ ಬೇಕು, ಕ್ರೀಡಾ ಸಂಸ್ಥೆಗಳಿಗೆ ಎಳೆಯ ಪ್ರತಿಭೆಯನ್ನು ಗುರುತಿಸುವ ಅಳತೆಗೋಲು ಬೇಕು. ಪಂದ್ಯದ ಫಲಿತಾಂಶವನ್ನು ಮಾರಿಕೊಂಡವರನ್ನು ಪತ್ತೆಹಚ್ಚುವುದಕ್ಕೂ ಇದೇ ಲೆಕ್ಕಾಚಾರ ನೆರವಾಗುತ್ತದೆ. ಈ ಗಿರಾಕಿಗಳೆಲ್ಲರೂ ಸಲಹೆ ಸರಿಯಾದರೆ ಮಾತ್ರ ಮತ್ತೆ ಹಣ ಕೊಡುವವರು. ಅಧ್ಯಯನಕಾರನ ಹಿತವೂ ಗಿರಾಕಿಯ ಹಿತವೂ ಒಂದೇ ದಿಕ್ಕಿನಲ್ಲಿರುವ ವ್ಯಾಪಾರ ಇದು. ಕಾಯಿದೆಯು ಒಂದು ದಾರಿಯನ್ನು ಮುಚ್ಚಿರುವಾಗ, ಉದ್ಯಮಿಗಳೂ ಸರ್ಕಾರವೂ ಈ ಇನ್ನೊಂದು ದಾರಿಯನ್ನು ಅಗಲಗೊಳಿಸುವುದು ಅವಶ್ಯ.

ಎಲ್ಲ ಸಲಹೆಗಾರರಿಗೂ ಒಂದೇ ಅಳತೆ

ಪಣದ ವ್ಯವಹಾರಕ್ಕೂ ತಮಗೂ ಸಂಬಂಧವಿಲ್ಲವೆಂದು ಗೌರವಸ್ಥ ವರ್ತಕರು ಇಲ್ಲಿಗೆ ಮಾತು ಮುಗಿಸಬಹುದು. ಆದರೆ ಇದೇ ಕಾಯಿಲೆಯ ಲಕ್ಷಣಗಳು ಹತ್ತಿರದಲ್ಲಿಯೇ ಕಾಣುತ್ತವೆ. ಉಚಿತವಾಗಿ ವಿಮೆಯ ಸಲಹೆ ಕೊಡುವವನು ಹೆಚ್ಚು ಕಮಿಷನ್ ಬರುವ ಪಾಲಿಸಿಯನ್ನೇ ಹೊಗಳುತ್ತಾನೆ. ಗೃಹಸಾಲದ ಬಗ್ಗೆ ಮಾರ್ಗದರ್ಶನ ಮಾಡುವವನಿಗೆ ಬ್ಯಾಂಕಿನಿಂದ ಹಣ ಬರುತ್ತದೆ. ಅಡಿಕೆ ಮಂಡಿಯಲ್ಲಿ ‘ಈಗಲೇ ಮಾರಿಬಿಡಿ’ ಎಂದು ರೈತನಿಗೆ ಹಿತ ಹೇಳುವವನು ಕೊಳ್ಳುವವನಿಂದ ಗುಟ್ಟಾಗಿ ಏನಾದರೂ ಪಡೆದಿದ್ದರೆ, ರೈತನಿಗೆ ಅದು ಗೊತ್ತಾಗುವುದು ಧಾರಣೆ ಏರಿದ ಮೇಲೆಯೇ.

ಷೇರುಪೇಟೆಯು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಹೂಡಿಕೆ ಸಲಹೆಗಾರರಿಗೆ 2013ರಲ್ಲಿ, ಸಂಶೋಧನಾ ವಿಶ್ಲೇಷಕರಿಗೆ 2014ರಲ್ಲಿ ಸೆಬಿ ನಿಯಮಾವಳಿ ರೂಪಿಸಿತು. ತಾನು ಶಿಫಾರಸು ಮಾಡುವ ಕಂಪನಿಯಲ್ಲಿ ತನಗಿರುವ ಹಿತಾಸಕ್ತಿಯನ್ನೂ, ಆ ಕಂಪನಿಯಿಂದ ಪಡೆದ ಪ್ರತಿಫಲವನ್ನೂ ವಿಶ್ಲೇಷಕನು ಬಹಿರಂಗಪಡಿಸಬೇಕು; ಲಾಭದ ಭರವಸೆ ಕೊಡಕೂಡದು. ನೋಂದಣಿಯಿಲ್ಲದ ಸಲಹೆಗಾರರ ಹಾವಳಿ ಇನ್ನೂ ನಿಂತಿಲ್ಲವಾದರೂ, ಯಾವುದು ಸರಿ ಯಾವುದು ತಪ್ಪು ಎಂಬ ಗೆರೆಯಾದರೂ ಅಲ್ಲಿ ಸ್ಪಷ್ಟವಾಗಿದೆ.

ದಲ್ಲಾಳಿಯಿಂದಾಗಿ ಬಡವನಿಗೂ ಸಲಹೆ ಉಚಿತವಾಗಿ ದೊರೆಯುತ್ತದೆ, ಹಣ ಎಲ್ಲಿಂದ ಬರುತ್ತದೆಂದು ಬಹಿರಂಗಪಡಿಸಿದರೆ ಸಾಕಲ್ಲವೇ ಎಂಬ ವಾದವೂ ಇದೆ. ಇದರಲ್ಲಿ ಹುರುಳಿಲ್ಲದಿಲ್ಲ. ವಿಮೆಯ ಪಾಲಿಸಿಯಂತಹ ವ್ಯವಹಾರದಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಏಕಕಾಲದಲ್ಲಿ ಲಾಭವಾಗಬಹುದು. ಅಲ್ಲಿ ಪ್ರಕಟಣೆ ಬಹುಮಟ್ಟಿಗೆ ಸಾಕು. ಆದರೆ ಒಬ್ಬನ ನಷ್ಟವೇ ಇನ್ನೊಬ್ಬನ ಲಾಭವಾಗಿರುವ ಕಡೆ, ಸಣ್ಣ ಅಕ್ಷರದ ಪ್ರಕಟಣೆಯಿಂದ ತಕ್ಕಡಿ ನೆಟ್ಟಗಾಗುವುದಿಲ್ಲ. ಅಲ್ಲಿ ಸೋಲಿನ ಪಾಲನ್ನೇ ನಿಷೇಧಿಸಬೇಕು.

ವಾಣಿಜ್ಯ ಮಂಡಳಿಗಳು ತಮ್ಮ ಸದಸ್ಯರಲ್ಲಿ ಸಲಹೆಯನ್ನು ಮಾರುವವರಿಗಾಗಿ ಸ್ವಯಂಪ್ರೇರಿತ ನೀತಿಸಂಹಿತೆಯೊಂದನ್ನು ರೂಪಿಸಲು ಇದು ಸಕಾಲ. ಅದಕ್ಕೆ ನಾಲ್ಕು ನಿಯಮಗಳು ಸಾಕು. ಸಲಹೆಗಾರನಿಗೆ ಯಾರಿಂದ ಎಷ್ಟು ಹಣ ಬರುತ್ತದೆ ಎಂಬುದನ್ನು ಸಲಹೆಗೆ ಮೊದಲೇ, ಕಣ್ಣಿಗೆ ಕಾಣುವಂತೆ ತಿಳಿಸಬೇಕು. ಕೊಟ್ಟ ಎಲ್ಲ ಸಲಹೆಗಳ ದಾಖಲೆಯನ್ನು, ಸರಿಯಾದವುಗಳೊಂದಿಗೆ ತಪ್ಪಾದವುಗಳನ್ನೂ ಸೇರಿಸಿ, ದಿನಾಂಕಸಹಿತವಾಗಿ ಗಿರಾಕಿಗೆ ತೆರೆದಿಡಬೇಕು. ಗಿರಾಕಿಯ ನಷ್ಟದಿಂದ ಹೆಚ್ಚುವ ಯಾವ ಪ್ರತಿಫಲವನ್ನೂ ಸ್ವೀಕರಿಸಬಾರದು. ಖಚಿತ ಲಾಭವೆಂಬ ಮಾತನ್ನು ಆಡಬಾರದು. ಈ ನಾಲ್ಕನ್ನೂ ಪಾಲಿಸುವ ಸದಸ್ಯನ ಹೆಸರನ್ನು ಮಂಡಳಿಯು ಪ್ರಕಟಿಸಿದರೆ, ಅದೇ ಅವನಿಗೆ ಮುದ್ರೆ ಒತ್ತಿದ ತೂಕದ ಕಲ್ಲಿನಷ್ಟು ಬೆಲೆಬಾಳುತ್ತದೆ.

ಅಳತೆಯ ಕಲ್ಲಿಗೆ ಸರ್ಕಾರದ ಮುದ್ರೆ ಇಲ್ಲದೆ ಒಂದು ಸೇರು ಬೇಳೆಯನ್ನೂ ತೂಗಬಾರದೆಂದು ನಿಯಮವಿರುವ ಪೇಟೆಯಲ್ಲಿ, ಜೀವಮಾನದ ಉಳಿತಾಯವನ್ನು ಎಲ್ಲಿ ಇಡಬೇಕೆಂದು ಹೇಳುವವನಿಗೆ ಯಾವ ಮುದ್ರೆಯೂ ಬೇಡವೆನ್ನುವುದು ಸರಿಯಲ್ಲ. ಹ್ಯಾಲಿಫ್ಯಾಕ್ಸ್‌ನ ಸಂಸ್ಥೆಯು ಕುದುರೆಯ ಹೆಸರಿನ ಮುಂದೆ ಸುರುಳಿ ಗುರುತನ್ನು ಹಾಕಲು ಅಂಜಲಿಲ್ಲ. ಏಕೆಂದರೆ ಅದಕ್ಕೆ ಅನ್ನ ಹಾಕುತ್ತಿದ್ದವನು ಓದುಗನೊಬ್ಬನೇ. ಸಲಹೆ ಕೇಳಲು ಹೋಗುವ ಪ್ರತಿಯೊಬ್ಬನೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ: ಈತನಿಗೆ ಅನ್ನ ಹಾಕುವವರು ಯಾರು? ಆ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಬಲ್ಲ ಸಲಹೆಗಾರರ ಸಂಖ್ಯೆಯನ್ನು ಹೆಚ್ಚಿಸುವುದು ವಾಣಿಜ್ಯ ಸಂಸ್ಥೆಗಳ ಹೊಣೆಗಳಲ್ಲಿ ಒಂದಾಗಬೇಕು.